ಗೋ ಭಾಷೆಯಲ್ಲಿ ಜೇಸನ್ ಸಮಯವನ್ನು ಓದಿಸುವ ಬಗೆ

ಪ್ರೋಗ್ರಾಮ್‌ಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಪಠ್ಯರೂಪವಾದ ಜೇಸನ್‌ನಲ್ಲಿ (JSON) ಸಮಯಕ್ಕೆಂದು ಪ್ರತ್ಯೇಕ ಟೈಪ್, ಅಂದರೆ ಮೌಲ್ಯದ ಬಗೆ, ಇಲ್ಲ. ಬರುವುದು ಅಕ್ಷರಸಾಲು ಇಲ್ಲವೇ ಸಂಖ್ಯೆ. ಗೋ ಭಾಷೆಯ ಟೈಮ್ ಎಂಬ ಟೈಪ್ ಮಾತ್ರ ಆರ್‌ಎಫ್‌ಸಿ 3339 ಎಂಬ ಮಾನಕದ ರೂಪವೇ ("2023-07-14T09:30:00+05:30" ಎಂಬಂತೆ) ಬೇಕೆಂದು ಹಟ ಹಿಡಿಯುತ್ತದೆ. ನನಗೆ ಬಂದದ್ದು "2023-07-14 09:30:00". ನಡುವೆ ‘ಟಿ’ ಇಲ್ಲ, ಕೊನೆಯಲ್ಲಿ ಸಮಯ ವಲಯವೂ ಇಲ್ಲ. ಒಂದಿಡೀ ಸಂಜೆ ಅದಕ್ಕೆ ಬಲಿಯಾಯಿತು.

ನಿಮ್ಮದೇ ಒಂದು ಟೈಪ್ ಮಾಡಿ, ಅದಕ್ಕೆ ಅನ್‌ಮಾರ್ಷಲ್‌ಜೇಸನ್ (UnmarshalJSON) ಮೆಥಡ್ ಬರೆಯಿರಿ; ಜೇಸನ್ ಓದುವಾಗ ಗೋ ಕರೆಯುವುದು ಅದನ್ನೇ. ನಲ್ (null, ಅಂದರೆ ಖಾಲಿ ಮೌಲ್ಯ) ಬಂದರೆ ಏನನ್ನೂ ಮುಟ್ಟದೆ ಹಿಂತಿರುಗಿ. ಇಲ್ಲವಾದರೆ ಉದ್ಧರಣ ಚಿಹ್ನೆಗಳನ್ನು ಕಳಚಿ, ವಲಯವನ್ನು ನಾವೇ ಹೇಳಿ ಸಮಯ ಓದಿಸುವ ಪಾರ್ಸ್‌ಇನ್‌ಲೊಕೇಶನ್ (ParseInLocation) ಫಂಕ್ಷನ್‌ಗೆ "2006-01-02 15:04:05" ಎಂಬ ಮಾದರಿಯನ್ನು ಕೊಡಿ. ಆ ಅಂಕಿಗಳನ್ನು ನಿಮ್ಮಿಷ್ಟಕ್ಕೆ ಬದಲಿಸಬೇಡಿ. ಮಾದರಿಯೆಂದು ಗೋ ಗುರುತಿಸುವುದು ಆ ಒಂದು ಕ್ಷಣವನ್ನೇ. (ಇದು ಯಾರ ಕುಚೇಷ್ಟೆಯೋ ಎಂದು ಮೊದಲಿಗೆ ನನಗೂ ಅನಿಸಿತ್ತು.) ಬರಿಯ ಪಾರ್ಸ್ (Parse) ಬಳಸಿದರೆ ವಲಯವಿಲ್ಲದ ಸಮಯವನ್ನು ಯುಟಿಸಿ (ಜಾಗತಿಕ ಮಾನಕ ಸಮಯ) ಎಂದೇ ಭಾವಿಸುತ್ತದೆ, ತಪ್ಪು ಸದ್ದಿಲ್ಲದೆ ಒಳಸೇರುತ್ತದೆ.

ಟೈಮ್ ಅನ್ನು ಹೆಸರಿಲ್ಲದ ಫೀಲ್ಡ್ ಆಗಿ ದೊಡ್ಡ ಸ್ಟ್ರಕ್ಟ್‌ನೊಳಗೆ (ಹಲವು ಫೀಲ್ಡ್‌ಗಳನ್ನು ಒಟ್ಟುಗೂಡಿಸಿದ ಟೈಪ್) ಹುದುಗಿಸಲೇಬೇಡಿ. ಅದರ ಅನ್‌ಮಾರ್ಷಲ್‌ಜೇಸನ್ ಇಡೀ ಸ್ಟ್ರಕ್ಟ್‌ಗೆ ಯಜಮಾನನಾಗಿ, ಎಲ್ಲವನ್ನೂ ಸಮಯವೆಂದೇ ಓದಲು ಹೋಗಿ ಮುಗ್ಗರಿಸುತ್ತದೆ.

ಕಾಲಾವಧಿಯನ್ನು ಹಿಡಿದಿಡುವ ಡ್ಯುರೇಶನ್ ಟೈಪ್‌ನ ಕಥೆ ಚಿಕ್ಕದು. ಅದು ನ್ಯಾನೊಸೆಕೆಂಡುಗಳ ಪೂರ್ಣಾಂಕ. "5s" (ಐದು ಸೆಕೆಂಡು) ಎಂದು ಕೊಟ್ಟರೆ ದೋಷ. ಅಲ್ಲಿಯೂ ಇದೇ ಉಪಾಯ, ಒಳಗೆ ಪಾರ್ಸ್‌ಡ್ಯುರೇಶನ್ (ParseDuration) ಕರೆಯಿರಿ.