ಪಾರ್ವೊ ವೈರಸ್‌ನ ಮೂರು ಅಕ್ಷರ ಓದಿದ್ದು

ವಿರಾಜಪೇಟೆ ಹತ್ತಿರದ ಕಾಫಿ ತೋಟದ ಲೈನ್ ಮನೆಯಿಂದ ನಾಯಿಮರಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಜೂನ್ ಮಳೆ, ಚೀಲವೆಲ್ಲ ಒದ್ದೆ. ವಾಂತಿ, ರಕ್ತಭೇದಿ. ಆ ವಾಸನೆ ಬಂದರೆ ಪಶುವೈದ್ಯರಿಗೆ ಪರೀಕ್ಷೆಯ ಕಿಟ್ ಬೇಕಾಗುವುದಿಲ್ಲ. ಆದರೂ ಹಾಕಿದೆ, ಎರಡು ಗೆರೆ ಬಂತು. ಪಾರ್ವೊನೇ.

"ಒಂದೂವರೆ ತಿಂಗಳಿಗೇ ಇಂಜೆಕ್ಷನ್ ಹಾಕ್ಸಿದ್ವಲ್ಲ ಡಾಕ್ಟ್ರೇ, ಹೆಂಗೆ ಬಂತು?" ಅಂದರು ಮರಿ ಸಾಕಿದಾಕೆ. ಮರಿ ಮೂರನೇ ದಿನ ಹೋಯಿತು.

ವೈರಸ್ಸೇ ಬದಲಾಗಿರಬೇಕು ಅಂತ ನನ್ನ ಗುಮಾನಿ. ಆಗ ಎಂವಿಎಸ್ಸಿ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಮಾಡುತ್ತಿದ್ದೆ, ಅದನ್ನೇ ವಿಷಯ ಮಾಡಿಕೊಂಡೆ. 1978ರಲ್ಲಿ ಕಾಣಿಸಿಕೊಂಡ ಈ ವೈರಸ್‌ಗೆ ಆಮೇಲೆ 2ಎ, 2ಬಿ, 2ಸಿ ಅಂತ ರೂಪಗಳು ಬಂದವು. ಸುಮಾರು 5,200 ಅಕ್ಷರಗಳ ಡಿಎನ್‌ಎ. ಗುರುತು ಹಿಡಿಯುವುದು ಮಾತ್ರ ವೈರಸ್ಸಿನ ಹೊರಕವಚ ಕಟ್ಟುವ ವಿಪಿ2 ಜೀನ್‌ನ 426ನೇ ಕೋಡಾನ್‌ನಲ್ಲಿ, ಅಂದರೆ ಮೂರು ಅಕ್ಷರದ ಒಂದು ಗುಂಪಿನಲ್ಲಿ. ಅಲ್ಲಿ ಎಎಟಿ ಇದ್ದರೆ 2ಎ, ಜಿಎಟಿ ಇದ್ದರೆ 2ಬಿ, ಜಿಎಎ ಇದ್ದರೆ 2ಸಿ.

ಮರಿಗಳ ಮಲದ ಸ್ವಾಬ್‌ಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದೆ. ಪಕ್ಕದವರು "ಮೀನಾ ಸಾರ್?" ಅಂದರು. ಹೂಂ ಅಂದುಬಿಟ್ಟೆ. ತಲುಪುವಷ್ಟರಲ್ಲಿ ಐಸ್ ನೀರಾಗಿತ್ತು. ಪಾರ್ವೊ ಗಟ್ಟಿ ಪಿಂಡ, ಮಣ್ಣಿನಲ್ಲೇ ತಿಂಗಳುಗಟ್ಟಲೆ ಬದುಕುತ್ತದೆ. ಅಷ್ಟಕ್ಕೆಲ್ಲ ಕೆಡಲಿಲ್ಲ.

ಕೆಟ್ಟಿದ್ದು ಪಿಸಿಆರ್, ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಮಾಡಿ ಹೆಚ್ಚಿಸುವ ವಿಧಾನ. ಮಾದರಿಯನ್ನು ಹತ್ತು ನಿಮಿಷ ಕುದಿಸಿ, ಐಸ್ ಮೇಲಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಹಾಕಿದ್ದೆ. ಆ ತುಂಡು ಸಿಕ್ಕಿತೇ ಅಂತ ನೋಡುವ ಜೆಲ್‌ನಲ್ಲಿ ಪಾಸಿಟಿವ್ ಕಂಟ್ರೋಲ್ (ವೈರಸ್ ಇದೆ ಅಂತ ಮೊದಲೇ ಗೊತ್ತಿದ್ದ ಮಾದರಿ) ಮಾತ್ರ ಹೊಳೆಯಿತು. ನನ್ನವೆಲ್ಲ ಖಾಲಿ. ಡಿಎನ್‌ಎ ಸಾಲದು ಅಂತ ಮಾರನೇ ದಿನ ಇನ್ನೂ ಜಾಸ್ತಿ ಹಾಕಿದೆ. ಆಗಲೂ ಖಾಲಿ! ಲ್ಯಾಬಿನ ಸೀನಿಯರ್ ಒಬ್ಬರು ಟ್ಯೂಬನ್ನು ಬೆಳಕಿಗೆ ಹಿಡಿದು, "ಟೀ ಡಿಕಾಕ್ಷನ್ ಥರ ಇದೆಯಲ್ಲೋ, ಹತ್ತು ಪಟ್ಟು ತೆಳು ಮಾಡು" ಅಂದರು. ಮಲದಲ್ಲೂ ರಕ್ತದಲ್ಲೂ ಪಿಸಿಆರ್ ತಡೆಯುವ ಪದಾರ್ಥಗಳಿರುತ್ತವೆ. ತೆಳು ಮಾಡಿದ್ದೇ ತಡ, ನಮಗೆ ಬೇಕಾದ ತುಂಡಿನ ಉದ್ದ, 583 ಬೇಸ್‌ಪೇರ್ (ಅಕ್ಷರ ಜೋಡಿ) ಜಾಗದಲ್ಲಿ ಗೆರೆ ಬಂತು.

ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಬಂದ ದಿನ ಮೊದಲು ತೆರೆದದ್ದು ಆ ಮರಿಯದ್ದೇ. ನಕ್ಷೆಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಗುಡ್ಡ: ಹಸಿರು ಗುಡ್ಡ, ಹಸಿರು ಗುಡ್ಡ, ಕೆಂಪು ಗುಡ್ಡ. ಎಎಟಿ. ಅದೇ ಹಳೇ 2ಎ. ಸ್ವಲ್ಪ ಪೆಚ್ಚಾದೆ, ಸುಳ್ಳು ಯಾಕೆ ಹೇಳಲಿ. ವೈರಸ್ ಬದಲಾಗುವ ಇನ್ನೆರಡು ಜಾಗಗಳಾದ 297, 324ನೇ ಕೋಡಾನ್‌ಗಳು ಈ ತುಂಡಿನಲ್ಲಿ ಬರುವುದೇ ಇಲ್ಲ. ಅವನ್ನು ನೋಡಲು ಪೂರ್ತಿ ವಿಪಿ2 ಓದಬೇಕಾಯಿತು, ಅದಕ್ಕೆ ಇನ್ನೂ ಎಂಟು ತಿಂಗಳು ಹಿಡಿಯಿತು.

ಆದರೆ ಆಕೆಯ ಪ್ರಶ್ನೆಗೆ ಉತ್ತರ ಸೀಕ್ವೆನ್ಸ್‌ನಲ್ಲಿ ಇರಲಿಲ್ಲ. ಮರಿಗೆ ಹಾಕಿಸಿದ್ದು ಒಂದೇ ಡೋಸ್. ಆ ವಯಸ್ಸಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ಹೊಡೆದುಹಾಕಬಹುದು. ಹಾಗಾಗಿ ಮೂರ್ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕಿಸಬೇಕು. ಇದು ನಾನು ಕಾಲೇಜಿನಲ್ಲೇ ಓದಿದ್ದ ಪಾಠ.

ಮುಂದಿನ ವರ್ಷ ಆಕೆ ಇನ್ನೊಂದು ಮರಿ ತಂದರು. ನೆಲಕ್ಕೆ ಬ್ಲೀಚಿಂಗ್ ಹಾಕಿ ತೊಳೆದಿದ್ದೀರಾ ಅಂತ ಕೇಳಿದೆ. ಕಾರ್ಡಿನಲ್ಲಿ ಎಲ್ಲ ತಾರೀಕು ಬರೆದು, ಕೊನೆಯದರ ಕೆಳಗೆ ಎರಡು ಗೆರೆ ಎಳೆದೆ.