ಕಾಫಿ ದುಡ್ಡು ವರ್ಷಕ್ಕೊಮ್ಮೆ, ಕುದುರೆ ಬಿಲ್ಲು ತಿಂಗಳಿಗೊಮ್ಮೆ

ಜನವರಿ ತಿಂಗಳು. ಕಣದಲ್ಲಿ ಕಾಫಿ ಚೆರಿ, ಅಂದರೆ ಕೊಯ್ದ ಕಾಫಿ ಹಣ್ಣು, ಹರಡಿತ್ತು, ನಾನು ಪಕ್ಕದಲ್ಲಿ ನಿಂತು ಮಗುಚಿಸುತ್ತಿದ್ದೆ. ಮೊಬೈಲ್‌ಗೆ ಮೈಸೂರಿನಿಂದ ನಮ್ಮ ರೇಸ್ ಕುದುರೆಯ ಬಿಲ್ಲು ಬಂತು. ಟ್ರೈನಿಂಗ್ ಫೀಸ್ 32,000. ಲಾಳ 2,400. ಡಾಕ್ಟರ್ 3,900. ಔಷಧಿ, ಟಾನಿಕ್ 2,700. ಎಂಟ್ರಿ ಫೀಸ್ 1,000. ಒಟ್ಟು 42,000. ಅದೇ ಶನಿವಾರ ಆಳುಗಳಿಗೆ ಬಟವಾಡೆ ಕೊಡಬೇಕಿತ್ತು. ಕಾಫಿ ಇನ್ನೂ ಒಣಗಿರಲಿಲ್ಲ. ಒಣಗಿ, ಮಾರಿ, ಕೈಗೆ ದುಡ್ಡು ಬರಲು ತಿಂಗಳಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಿಲ್ಲು ಬಂದಿರುತ್ತದೆ.

ಕೊಡಗಿನ ಗೋಣಿಕೊಪ್ಪಲು ಹತ್ತಿರ ನಮ್ಮದು ಹದಿನೈದು ಎಕರೆ ರೊಬಸ್ಟಾ ಕಾಫಿ ತೋಟ. ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. 2017ರ ಏಪ್ರಿಲ್‌ನಲ್ಲಿ ನಾನು ಒಂದು ರೇಸ್ ಕುದುರೆಯಲ್ಲಿ ಮೂರನೇ ಒಂದು ಪಾಲು ತೆಗೆದುಕೊಂಡೆ. ಮೆಣಸಿಗೆ ಕೆಜಿಗೆ 600, 700 ರೂಪಾಯಿ ರೇಟ್ ಕಂಡು ಬಂದ ಕಾಲ ಅದು. ತೋಟ ಇಟ್ಟುಕೊಂಡವರ ಕಾಲು ನೆಲದ ಮೇಲಿರಲಿಲ್ಲ. ಪಾಲುದಾರರಲ್ಲಿ ಒಬ್ಬ ಮಡಿಕೇರಿ ಕಡೆಯ ಪ್ಲಾಂಟರ್, ಇನ್ನೊಬ್ಬ ಮೈಸೂರಿನಲ್ಲಿರುವ ನನ್ನ ಶಾಲೆಯ ಗೆಳೆಯ. ಎರಡು ವರ್ಷದ ಕಂದು ಬಣ್ಣದ ಗಂಡು ಮರಿ. ಬೆಲೆ 9 ಲಕ್ಷ, ತಲೆಗೆ 3 ಲಕ್ಷ.

ರೇಸ್ ಕುದುರೆಯ ಹೆಸರು ಇಂಗ್ಲಿಷಿನ 18 ಅಕ್ಷರ ಮೀರಬಾರದು, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಆ ಹೆಸರಿಗಾಗಿ ನಾವು ಮೂವರು ಎರಡು ತಿಂಗಳು ಜಗಳವಾಡಿದೆವು. ತಿಂಗಳ ಖರ್ಚು ಎಷ್ಟು ಬರುತ್ತದೆ ಅಂತ ಐದು ನಿಮಿಷ ಕೂಡ ಮಾತಾಡಲಿಲ್ಲ.

ಟ್ರೈನಿಂಗ್ ಫೀಸಿನ ಬಗ್ಗೆ ನನಗೆ ತಕರಾರಿಲ್ಲ. ಓಟ್ಸ್, ಹುರುಳಿ, ಬೂಸಾ, ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪು, ಲಾಯದ ಬಾಡಿಗೆ, ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ, ಬೆಳಿಗ್ಗೆ ಮೇಲೆ ಕೂತು ಓಡಿಸುವ ಹುಡುಗನ ಕೂಲಿ ಎಲ್ಲಾ ಅದರಲ್ಲೇ ಆಗಬೇಕು. ಸುಸ್ತು ಮಾಡುವುದು ಅದರ ಕೆಳಗಿನ ಸಾಲುಗಳು. ದಿನದ ಓಟಕ್ಕೆ ಕಬ್ಬಿಣದ ಲಾಳ, ರೇಸಿನ ದಿನ ಹಗುರವಾದ ಅಲ್ಯೂಮಿನಿಯಂ ಲಾಳ. ಮೂರು ನಾಲ್ಕು ವಾರಕ್ಕೊಮ್ಮೆ ಬದಲಾಯಿಸಲೇಬೇಕು, ಗೊರಸು ಬೆಳೆಯುತ್ತಲೇ ಇರುತ್ತದೆ. ಒಂದು ದಿನ ಮೇವು ಬಿಟ್ಟರೆ ಡಾಕ್ಟರ್ ಓಡಿ ಬರುತ್ತಾರೆ. ಅವರು ಬರಲೇಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಬಂದರೆ ಜೀವಕ್ಕೇ ಕುತ್ತು.

ಅದು ಮೊದಲ ಸಲ ರೇಸಿಗೆ ಇಳಿದದ್ದು 2018ರಲ್ಲಿ. ಅಲ್ಲಿಯವರೆಗೆ ಸುಮ್ನೆ ತಿಂದಿತು. ಸುಮ್ನೆ ಅಂದರೆ ತಪ್ಪಾಗುತ್ತದೆ, ದಿನಾ ಬೆಳಿಗ್ಗೆ ಓಡುತ್ತಿತ್ತು. ಆದರೆ ಆ ಓಟಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಅಲ್ವಾ. ಹಠ ಜಾಸ್ತಿ ಅಂತ ಟ್ರೈನರ್ ಬೀಜ ತೆಗೆಸಿದರು. ಆಮೇಲೆ ಪಳಗಿತು. ಆದರೆ ಮುಂದೆ ತಳಿಗೆ ಬಿಡುವ ಬಾಗಿಲು ಅಲ್ಲಿಗೆ ಮುಚ್ಚಿತು. ಇನ್ನು ಓಡಿದರಷ್ಟೇ ಬೆಲೆ.

ಆ ಹೊತ್ತಿಗೆ ಮೆಣಸು ಬಿದ್ದಿತ್ತು, ಕೆಜಿಗೆ 400ರ ಕೆಳಗೆ. ಆಗಸ್ಟ್‌ನಲ್ಲಿ ಆ ಮಳೆ ಬಂತು. ಮಡಿಕೇರಿ ಕಡೆ ಗುಡ್ಡಗಳೇ ಜಾರಿದವು. ನಮ್ಮ ಕಡೆ ಗುಡ್ಡ ನಿಂತಿತು, ಕಾಯಿ ನಿಲ್ಲಲಿಲ್ಲ. ಕೊಳೆ ರೋಗ ಬಂದು ಗಿಡದ ಬುಡದಲ್ಲೆಲ್ಲ ಹಸಿರು ಕಾಯಿ. ಮಡಿಕೇರಿಯ ಪಾಲುದಾರ ಫೋನ್ ಮಾಡಿದ. "ಮಾರಾಯ, ನನ್ನ ತೋಟದ ದಾರಿಯೇ ಇಲ್ಲ ಈಗ. ನನ್ನ ಪಾಲು ನೀವೇ ಇಟ್ಟುಕೊಳ್ಳಿ, ಬಿಲ್ಲು ಮಾತ್ರ ಕಳಿಸಬೇಡಿ." ಅವನಿಗೆ ಏನು ಹೇಳಲಿ? ತಿಂಗಳಿಗೆ ನನ್ನ ಪಾಲಿಗೆ 14,000 ಬರುತ್ತಿದ್ದದ್ದು 21,000 ಆಯಿತು.

ಅಕ್ಟೋಬರ್‌ನಲ್ಲಿ ಕುದುರೆ ಗೆದ್ದಿತು. ಮೈಸೂರಿನಲ್ಲಿ, 1200 ಮೀಟರ್. ಚಾಮುಂಡಿ ಬೆಟ್ಟದ ಬುಡದ ಆ ಕೋರ್ಸ್ ದಸರಾ ಸಮಯದಲ್ಲಿ ನೋಡಲು ಬಲು ಚಂದ. ಕೊನೆಯ ಇನ್ನೂರು ಮೀಟರ್ ನಾನು ಏನು ಕೂಗಿದೆನೋ ಗೊತ್ತಿಲ್ಲ, ಮರುದಿನ ಗಂಟಲು ಇರಲಿಲ್ಲ. ಗೆದ್ದ ಹಣ 1,80,000. ಟ್ರೈನರ್‌ಗೆ 10 ಪರ್ಸೆಂಟ್, ಜಾಕಿಗೆ ಏಳೂವರೆ. ಸೈಸ್‌ಗೂ ಲಾಯದ ಹುಡುಗರಿಗೂ ಖುಷಿಗೆ 8,500 ಕೊಟ್ಟೆವು. ನನ್ನ ಕೈಗೆ ಬಂದದ್ದು 70,000. ಮೂರು ತಿಂಗಳ ಬಿಲ್ಲಿಗೆ ಸ್ವಲ್ಪ ಮೇಲೆ. ಗೆದ್ದ ಮೇಲೆ ರೇಟಿಂಗ್, ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ, ಏರಿಸುತ್ತಾರೆ, ಮುಂದಿನ ರೇಸಿನಲ್ಲಿ ಬೆನ್ನಿನ ಮೇಲಿನ ಭಾರವೂ ಏರುತ್ತದೆ. ಆಮೇಲೆ ಮೂರು ಸಲ ಎರಡನೇ, ಮೂರನೇ ಸ್ಥಾನ ಬಂತು. ಮೊದಲ ಸ್ಥಾನ ಮತ್ತೆ ಬರಲಿಲ್ಲ.

2019ರ ಫೆಬ್ರವರಿ. ಕಾಫಿ ಹೂ ಅರಳಿಸುವ ಮಳೆ ಬಾರದೆ ಸ್ಪ್ರಿಂಕ್ಲರ್ ಹಾಕಿಸಿ, ಡೀಸೆಲ್‌ಗೆ ಸಾಲ ಮಾಡಿ ಕೂತಿದ್ದೆ. ಟ್ರೈನರ್ ಬರ ಹೇಳಿದರು. ಬೆಳಿಗ್ಗೆ ಮೂರೂವರೆಗೆ ಹೊರಟೆ. ತಿತಿಮತಿ, ಹುಣಸೂರು ದಾಟಿ ಲಾಯ ತಲುಪಿದಾಗ ಕುದುರೆಗಳು ಓಟ ಮುಗಿಸಿ ಬೆವರಿ ಬರುತ್ತಿದ್ದವು. ನಮ್ಮದು ಒಳಗೇ ಇತ್ತು. ಸೈಸ್ ಕುಕ್ಕರಗಾಲಲ್ಲಿ ಕೂತು ನನ್ನ ಕೈ ಹಿಡಿದು ಮುಂಗಾಲಿನ ಹಿಂಭಾಗಕ್ಕೆ ಒತ್ತಿದ. "ಮುಟ್ಟಿ ನೋಡಿ ಸಾರ್, ಈ ಕಾಲು ಬಿಸಿ. ಈಗ ಆ ಕಾಲು ಮುಟ್ಟಿ." ಆ ಕಾಲು ತಣ್ಣಗಿತ್ತು. ಬಿಸಿ ಕಾಲಿನಲ್ಲಿ, ಬೆರಳಿನ ಕೆಳಗೆ ಬಾಳೆಹಣ್ಣಿನ ಬೆನ್ನಿನ ಹಾಗೆ ಒಂದು ಉಬ್ಬು. ಕುದುರೆ ಅಷ್ಟರಲ್ಲಿ ನನ್ನ ಜೇಬು ಮೂಸುತ್ತಿತ್ತು, ಬೆಲ್ಲ ತಂದಿದ್ದಾನಾ ಅಂತ. ಟೆಂಡನ್, ಅಂದರೆ ಕಾಲಿನ ಸ್ನಾಯುರಜ್ಜು, ಹೋಗಿತ್ತು. ಸ್ಕ್ಯಾನ್ ಮಾಡಿದ ಡಾಕ್ಟರ್ ಒಂಬತ್ತು ತಿಂಗಳು ಓಡಿಸಬೇಡಿ ಅಂದರು.

ಲಾಯದಲ್ಲೇ ಇಟ್ಟರೆ ಪೂರ್ತಿ ಬಿಲ್ಲು. ಹಾಗಾಗಿ ಒಂದು ಫಾರ್ಮಿಗೆ ಕಳಿಸಿದೆವು. ನನ್ನ ಪಾಲಿಗೆ ತಿಂಗಳಿಗೆ 10,000. ಮನೆಯವಳು ಲೆಕ್ಕದ ಪುಸ್ತಕ ನೋಡಿ, "ಕುದುರೆಗೆ ಪೆನ್ಶನ್ ಕೊಡ್ತಾ ಇದ್ದೀವಾ?" ಅಂದಳು. ನಾನು ಚಹಾ ಕುಡಿದು ತೋಟದ ಕಡೆ ಹೋದೆ.

ಡಿಸೆಂಬರ್‌ನಲ್ಲಿ ಮತ್ತೆ ಟ್ರೈನಿಂಗ್. ಎರಡು ರೇಸ್ ಓಡಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ರೇಸ್ ನಿಂತಿತು. ಫ್ಯಾಕ್ಟರಿಗೆ ಬೀಗ ಹಾಕಬಹುದು, ನಾನೂರೈವತ್ತು ಕೆಜಿಯ ಪ್ರಾಣಿಗೆ ಹಾಕುವುದು ಹೇಗೆ? ಟ್ರೈನರ್ ಒಳ್ಳೆಯ ಮನುಷ್ಯ, ಅರ್ಧ ಬಿಲ್ಲು ಕಳಿಸಿದರು. ಅವರ ಕೈಯಿಂದ ಎಷ್ಟು ಹೋಯಿತೋ ಕೇಳುವ ಧೈರ್ಯ ಆಗಲಿಲ್ಲ. ಆ ವರ್ಷದ ಕೊನೆಗೆ ಅದನ್ನು ಒಂದು ಸವಾರಿ ಶಾಲೆಗೆ ಪುಕ್ಕಟೆ ಕೊಟ್ಟೆವು.

ನನ್ನ ಪಾಲಿನಿಂದ ಒಟ್ಟು 10 ಲಕ್ಷದ ಮೇಲೆ ಹೋಗಿತ್ತು. ಬಂದದ್ದು ಒಂದೂಕಾಲು ಲಕ್ಷ. ನಷ್ಟವನ್ನು ಗೋಣಿಕೊಪ್ಪಲಿನ ನನ್ನ ಅಂಗಡಿಯಿಂದ ಬರುವ ಬಾಡಿಗೆಯಲ್ಲಿ ಕಳೆದು ಟ್ಯಾಕ್ಸ್ ಉಳಿಸೋಣ ಅಂದುಕೊಂಡಿದ್ದೆ. ವಿರಾಜಪೇಟೆಯ ಆಡಿಟರ್ ನಕ್ಕರು. ಆದಾಯ ತೆರಿಗೆಯಲ್ಲಿ ರೇಸ್ ಕುದುರೆ ಸಾಕಿದ ನಷ್ಟವನ್ನು ರೇಸ್ ಕುದುರೆಯಿಂದ ಬಂದ ಲಾಭದಲ್ಲಿ ಮಾತ್ರ ಕಳೆಯಬಹುದು, ಮುಂದಕ್ಕೆ ಒಯ್ಯುವುದೂ ನಾಲ್ಕೇ ವರ್ಷ. ಕುದುರೆ ಕೊಳ್ಳುವ ಮುಂಚೆ ಅವರನ್ನು ಕೇಳಬೇಕಿತ್ತು, ನಾನು ಕೇಳಿದ್ದು ಕ್ಲಬ್ಬಿನಲ್ಲಿ ಗ್ಲಾಸ್ ಹಿಡಿದವರನ್ನು. ಜಿಎಸ್‌ಟಿಯೂ ನನಗೆ ಸಂಬಂಧ ಇಲ್ಲ ಅಂದುಕೊಂಡಿದ್ದೆ, ನಾನು ಬಾಜಿ ಕಟ್ಟುವವನಲ್ಲ. 2017ರಲ್ಲಿ ಬಾಜಿಯ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಬಿತ್ತು, 2025ರ ಸೆಪ್ಟೆಂಬರ್‌ನಿಂದ 40. ಬಾಜಿ ಕಟ್ಟುವವರು ಕಳ್ಳ ಬುಕ್ಕಿಗಳ ಕಡೆ ಹೋದರೆ ಕೋರ್ಸಿನಲ್ಲಿ ದುಡ್ಡು ಓಡುವುದಿಲ್ಲ. ಗೆದ್ದ ಕುದುರೆಗೆ ಕೊಡುವ ಹಣ ಹುಟ್ಟುವುದು ಅಲ್ಲಿಂದಲೇ ತಾನೇ.

2024ರಲ್ಲಿ ರೊಬಸ್ಟಾ ಚೆರಿ ಚೀಲಕ್ಕೆ 10,000 ದಾಟಿತು. ಮೈಸೂರಿನ ಗೆಳೆಯ ಈಗ ಮತ್ತೆ ಫೋನ್ ಮಾಡುತ್ತಿದ್ದಾನೆ. ಒಂದು ಹೆಣ್ಣು ಮರಿ ಇದೆಯಂತೆ. ಫಾರ್ಮಿನವರು ಲೀಸ್‌ಗೆ ಕೊಡುತ್ತಾರೆ, ಕೊಳ್ಳುವ ಬೆಲೆ ಇಲ್ಲ, ಗೆದ್ದದ್ದರಲ್ಲಿ ಅವರಿಗೆ ಪಾಲು. ಬೇಡ ಅಂತ ನಾನು ಹೇಳಿಲ್ಲ. ಕಾಫಿ ಮಾರಿದ ದಿನವೇ ಕುದುರೆ ಲೆಕ್ಕಕ್ಕೆ ಅಂತ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದೆ. ಹದಿನೆಂಟು ತಿಂಗಳ ಬಿಲ್ಲು ಅದರಲ್ಲಿ ಕೂತ ಮೇಲೆಯೇ ಹೂಂ ಅನ್ನುವುದು ಅಂತ ಅವನಿಗೆ ಹೇಳಿದ್ದೇನೆ. ಸದ್ಯಕ್ಕೆ ಹನ್ನೊಂದು ತಿಂಗಳದ್ದು ಕೂತಿದೆ. ಮನೆಯವಳಿಗೆ ಆ ಪಾಸ್‌ಬುಕ್ ಇನ್ನೂ ತೋರಿಸಿಲ್ಲ.