ಜ್ವರ ಲೈನ್ ಮನೆಯಲ್ಲಿ, ಚುಕ್ಕಿ ಬಸ್ ಸ್ಟ್ಯಾಂಡಲ್ಲಿ: ಮೊಬೈಲ್ ಹಿಡಿದು ಮಲೇರಿಯಾ ಸಮೀಕ್ಷೆ ಮಾಡುವುದು ಹೇಗೆ?

ಒಂದು ಕಾಫಿ ಕೊಯ್ಲಿನ ಹೊತ್ತಲ್ಲಿ ನಾವು ನಾಲ್ಕು ಜನ ಎರಡು ದಿನ ತೋಟ ತೋಟ ಸುತ್ತಿ, ಕಾರ್ಮಿಕರ ಸಾಲು ಮನೆಗಳಲ್ಲಿ (ನಾವು ಲೈನ್ ಮನೆ ಅನ್ನೋದು) ಜ್ವರದ ಸಮೀಕ್ಷೆ ಮಾಡಿದೆವು. ಸಂಜೆ ನಕ್ಷೆ ತೆರೆದು ನೋಡಿದರೆ 23 ಮನೆಗಳ ಚುಕ್ಕಿ ಒಂದರ ಮೇಲೊಂದು ಬಿದ್ದು ಒಂದೇ ಚುಕ್ಕಿಯಾಗಿತ್ತು. ಅದೂ ಎಲ್ಲಿ? ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ ಮೇಲೆ. ಅಲ್ಲಿ ಮಾತ್ರ ಟವರ್ ಸಿಗುತ್ತೆ ಅಂತ ನಮ್ಮ ಹುಡುಗರು ತೋಟದಲ್ಲಿ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಟೀ ಕುಡಿಯುತ್ತಾ ಮೊಬೈಲಿಗೆ ತುಂಬಿದ್ದರು. ಸೊಳ್ಳೆ ಔಷಧಿ ಹೊಡೆಯುವವರು ಆ ನಕ್ಷೆ ನಂಬಿ ಬಂದಿದ್ದರೆ ಟೀ ಅಂಗಡಿಯವನೊಬ್ಬ ಬಚಾವಾಗುತ್ತಿದ್ದ, ಅಷ್ಟೇ.

ಅದಾದ ಮೇಲೂ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಆಶಾ ಕಾರ್ಯಕರ್ತೆಯರ ಜೊತೆ ಹೋಗುವ ಹುಡುಗರಿಗೆ, ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇಷ್ಟೆಲ್ಲ ಅವಸರ ಯಾಕೆ ಅಂದರೆ, ರೋಗಿಯ ರಕ್ತ ಹೀರಿದ ಅನಾಫಿಲಿಸ್ ಸೊಳ್ಳೆ ಮರುದಿನವೇ ಇನ್ನೊಬ್ಬರಿಗೆ ಮಲೇರಿಯಾ ಹಚ್ಚೋದಿಲ್ಲ. ಮಲೇರಿಯಾ ತರುವ ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಬಾಯಿಗೆ ಬರಲು ಸುಮಾರು ಹತ್ತು–ಹದಿನಾಲ್ಕು ದಿನ ಬೇಕು. ನಮ್ಮ ಕೊಡಗಿನ ಚಳಿಯಲ್ಲಿ ಇನ್ನೂ ಜಾಸ್ತಿ. ಅಷ್ಟರೊಳಗೆ ಆ ಮನೆ ಗೊತ್ತಾದರೆ ಕೊಂಡಿ ಕತ್ತರಿಸಬಹುದು. ಚೀನಾದವರು ಮಾಡಿದ್ದು ಇದನ್ನೇ: 1 ದಿನದಲ್ಲಿ ವರದಿ, 3 ದಿನದಲ್ಲಿ ವಿಚಾರಣೆ, 7 ದಿನದಲ್ಲಿ ಆ ಜಾಗದಲ್ಲಿ ಕ್ರಮ. 2021ರಲ್ಲಿ ಆ ದೇಶಕ್ಕೆ ಮಲೇರಿಯಾ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಅಷ್ಟು ದೂರ ಯಾಕೆ, ನಮ್ಮ ಘಟ್ಟದ ಕೆಳಗಿನ ಮಂಗಳೂರಿನಲ್ಲಿ 2015ರ ಅಕ್ಟೋಬರ್‌ನಿಂದಲೇ ಟ್ಯಾಬ್ಲೆಟ್ ಹಿಡಿದು ಮನೆ ಮನೆಗೆ ಹೋಗುವ ವ್ಯವಸ್ಥೆ ಶುರುವಾಯಿತು. ನಮ್ಮ ದೇಶದ ಗುರಿ 2030ಕ್ಕೆ ಮಲೇರಿಯಾ ನಿರ್ಮೂಲನೆ. ಕಾಗದದ ರಿಜಿಸ್ಟರು ತಿಂಗಳ ಕೊನೆಗೆ ಮೇಲಕ್ಕೆ ಹೋಗುವ ಕಾಲದಲ್ಲಿ ಇದೆಲ್ಲ ಆಗುತ್ತಿರಲಿಲ್ಲ.

ಹೊರಡುವ ಮುಂಚೆ

ಫೋನ್ ಪೂರ್ತಿ ಚಾರ್ಜ್, ನಕ್ಷೆ ಡೌನ್‌ಲೋಡ್, ಇಲಾಖೆ ಕೊಟ್ಟ ಆ್ಯಪ್‌ನಲ್ಲಿ ಒಂದು ಸಲ ಲಾಗಿನ್. ಮುಗಿಯಿತು. ಜಾತ್ರೆಯಲ್ಲಿ ಸಿಗುವ ಅಗ್ಗದ ಪವರ್ ಬ್ಯಾಂಕ್ ಮಾತ್ರ ಬೇಡ, ಮಧ್ಯಾಹ್ನಕ್ಕೇ ಕೈ ಕೊಡುತ್ತೆ. ಹಾಗೇ 'ಸೊಳ್ಳೆ ಓಡಿಸುವ ಶಬ್ದ' ಅಂತ ಒಂದಷ್ಟು ಆ್ಯಪ್‌ಗಳಿವೆ. ಅವುಗಳಿಂದ ಸೊಳ್ಳೆ ಓಡಲ್ಲ, ಬ್ಯಾಟರಿ ಓಡುತ್ತೆ. ಸೊಳ್ಳೆ ಪರದೆಯೇ ವಾಸಿ.

ರಕ್ತ ಪರೀಕ್ಷೆ

ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆಯ ಕಿಟ್‌ಗೆ ರಕ್ತ ಹಾಕೋದು ತರಬೇತಿ ಆದವರ ಕೆಲಸ. ಫೋನ್ ಹಿಡಿದವರ ಕೆಲಸ ಎರಡು. ಒಂದು, ದ್ರಾವಣ ಹಾಕಿದ ಕ್ಷಣವೇ ಟೈಮರ್ ಒತ್ತೋದು. ಕಿಟ್‌ನ ಚೀಟಿಯಲ್ಲಿ 15 ನಿಮಿಷ ಅಂತ ಇದ್ದರೆ 15, 20 ಅಂತ ಇದ್ದರೆ 20. ಅರ್ಧ ಗಂಟೆ ದಾಟಿದ ಮೇಲೆ ಕಂಡ ಗೆರೆಯನ್ನು ನಂಬಬಾರದು. ಎರಡು, ಕಿಟ್ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದು, ಸಮಯ ಆದಾಗ ಫೋಟೋ ತೆಗೆಯೋದು. ಹೆಸರಿಲ್ಲದ ಆರು ಕಿಟ್ ಮೇಜಿನ ಮೇಲೆ ಸಾಲಾಗಿ ಕೂತಿದ್ದರೆ ಯಾವುದು ಯಾರದು ಅಂತ ದೇವರೇ ಹೇಳಬೇಕು.

ಆ ಫೋಟೋವನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. 'ಇಂಥವನಿಗೆ ಮಲೇರಿಯಾ' ಅಂತ ಒಂದು ಸಲ ಸುದ್ದಿ ಹಬ್ಬಿದರೆ ಮುಂದಿನ ಸಲ ಆ ಲೈನಿನಲ್ಲಿ ಒಬ್ಬರೂ ಜ್ವರ ಇದೆ ಅಂತ ಒಪ್ಪಿಕೊಳ್ಳಲ್ಲ.

ಎಲ್ಲರೂ ಎಡವೋದು ಇಲ್ಲೇ: ಜಾಗ ಗುರುತಿಸೋದು

ಬಹಳ ಜನ ಟವರ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡಲ್ಲ ಅಂತ ತಿಳಿದಿದ್ದಾರೆ. ತಪ್ಪು. ಜಿಪಿಎಸ್ ಬರೋದು ಉಪಗ್ರಹದಿಂದ, ಟವರಿನಿಂದ ಅಲ್ಲ. ಟವರ್ ಬೇಕಾಗೋದು ತುಂಬಿದ ಫಾರಂ ಕಳಿಸೋಕೆ ಮಾತ್ರ, ಅದನ್ನು ಸಂಜೆ ಕಳಿಸಿದರೂ ನಡೆಯುತ್ತೆ. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಫೋನು ಉಪಗ್ರಹಗಳನ್ನು ತಾನೇ ಹುಡುಕಿಕೊಳ್ಳಬೇಕು, ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಅದಕ್ಕೇ ನಾನು ಬೆಳಿಗ್ಗೆ ಟವರ್ ಇರುವ ಕಡೆಯೇ ನಕ್ಷೆ ತೆರೆದು, ನೀಲಿ ಚುಕ್ಕಿ ಸರಿಯಾಗಿ ಕೂತ ಮೇಲೇ ಹೊರಡೋದು. ಆಮೇಲೆ ತೋಟದೊಳಗೆ ಬೇಗ ಸಿಗುತ್ತೆ.

ತೋಟದೊಳಗೆ ಇನ್ನೊಂದು ತೊಂದರೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅತ್ತಿ, ಹಲಸು, ಆಕಾಶವೇ ಕಾಣಲ್ಲ. ಲೈನ್ ಮನೆಯ ತಗಡಿನ ಮಾಡಿನ ಕೆಳಗೆ ಕೂತು ಬಟನ್ ಒತ್ತಿದರೆ ಫೋನಿಗೆ ಹೊಸ ಜಾಗ ಸಿಗದೆ ಹಳೇ ಜಾಗವನ್ನೇ ಸುಮ್ನೆ ಹಾಕಿಬಿಡುತ್ತೆ. ಹಳೇ ಜಾಗ ಅಂದರೆ ನೀವು ಜೀಪಿಂದ ಇಳಿದ ಮೇನ್ ರೋಡು! ಹಾಗಾಗಿ ಮನೆಯಿಂದ ಹೊರಗೆ ಬನ್ನಿ. ಹತ್ತಿರದ ಬಯಲಲ್ಲಿ ನಿಲ್ಲಿ, ಅಂಗಳ ಇದ್ದರೆ ಅಂಗಳ, ಲೈನಿನ ಎದುರಿಗೇ ಕಾಫಿ ಒಣಗಿಸುವ ಕಣ ಇದ್ದರೆ ಇನ್ನೂ ಒಳ್ಳೇದು. ಬ್ಯಾಟರಿ ಸೇವರ್ ಆಫ್ ಮಾಡಿ. ಚುಕ್ಕಿಯ ಸುತ್ತ ಇರುವ ನೀಲಿ ವೃತ್ತ ನೋಡಿ. ಅದು ಅರ್ಧ ತೋಟವನ್ನೇ ನುಂಗಿದ್ದರೆ ಇನ್ನೂ ಕಾಯಿರಿ. ಆ್ಯಪ್‌ನಲ್ಲಿ ಮೀಟರ್ ಲೆಕ್ಕ ಬರುತ್ತಿದ್ದರೆ 10–15 ಮೀಟರಿಗೆ ಇಳಿದ ಮೇಲೆ ಒತ್ತಿ, ಅದಕ್ಕೂ ಮುಂಚೆ ಬೇಡ.

ಅಷ್ಟಾದರೂ ಸಾಲಲ್ಲ. ಒಂದು ಲೈನ್ ಅಂದರೆ ಒಂದೇ ಮಾಡಿನ ಕೆಳಗೆ ಎಂಟು ಹತ್ತು ಬಾಗಿಲು, ಮನೆ ನಂಬರ್ ಇರಲ್ಲ. ಆದಿವಾಸಿಗಳ ಹಾಡಿಗಳಲ್ಲೂ ಇದೇ ಕತೆ. 'ವಿವರ' ಅನ್ನುವ ಖಾಲಿ ಜಾಗ ಇದೆಯಲ್ಲ, ಅದರಲ್ಲಿ 'ಬಾವಿ ಕಡೆಯಿಂದ ಮೂರನೇ ಬಾಗಿಲು, ಎದುರಿಗೆ ಸಿಮೆಂಟ್ ತೊಟ್ಟಿ' ಅಂತ ಬರೆಯಿರಿ. ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳ ಕಂಡರೆ ಅದನ್ನೂ. ನಾಳೆ ಬರುವವನಿಗೆ ಈ ಒಂದು ಸಾಲು ಜಿಪಿಎಸ್‌ಗಿಂತ ಜಾಸ್ತಿ ಉಪಯೋಗ.

ಫೋಟೋ ಮೇಲೆ ಜಾಗ ಮುದ್ರಿಸುವ ಜಾಹೀರಾತು ತುಂಬಿದ ಉಚಿತ ಕ್ಯಾಮೆರಾ ಆ್ಯಪ್‌ಗಳನ್ನು ನಾನು ಮುಟ್ಟೋದಿಲ್ಲ. ಕೆಲವುದರಲ್ಲಿ ಜಾಗವನ್ನು ಕೈಯಿಂದಲೇ ಬದಲಾಯಿಸಬಹುದು. ಮತ್ತೆ ಅದನ್ನು ಸಾಕ್ಷಿ ಅಂತ ಇಟ್ಟುಕೊಂಡು ಏನು ಪ್ರಯೋಜನ?

ಕೇಳಬೇಕಾದ ಎರಡು ಪ್ರಶ್ನೆ

ಜ್ವರ ಯಾವತ್ತು ಶುರುವಾಯಿತು? ಎಷ್ಟೋ ಜನ ಇಲ್ಲಿ ಪರೀಕ್ಷೆ ಮಾಡಿದ ತಾರೀಕನ್ನೇ ಹಾಕಿಬಿಡುತ್ತಾರೆ. 'ಸಂಬಳದ ಮುಂಚೆಯೋ ಆಮೇಲೋ?', 'ಭಾನುವಾರದ ಸಂತೆಗೆ ಹೋಗಿದ್ರಾ?' ಅಂತ ಕೇಳಿದರೆ ಸರಿಯಾದ ದಿನ ತಾನಾಗಿ ಬರುತ್ತೆ.

ಎರಡನೇದು, ಕಳೆದ ಒಂದು ತಿಂಗಳು ರಾತ್ರಿ ಎಲ್ಲೆಲ್ಲಿ ಮಲಗಿದ್ರಿ? 'ಊರು ಯಾವುದು' ಅಂತ ಕೇಳಿದರೆ ಆಧಾರ್ ಕಾರ್ಡಿನ ಊರು ಹೇಳುತ್ತಾರೆ, ಅದು ಬೇಡ. ಅನಾಫಿಲಿಸ್ ಕಚ್ಚೋದು ರಾತ್ರಿ, ಹಾಗಾಗಿ ಮಲಗಿದ ಜಾಗ ಮುಖ್ಯ. ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಹೋದ ವಾರ ಬಂದವರಿಗೆ ಜ್ವರ ಇದ್ದರೆ ಅದು ಅಲ್ಲಿಂದ ಬಂದಿದ್ದಿರಬಹುದು. ಆರು ತಿಂಗಳಿಂದ ಸಿದ್ದಾಪುರ ಬಿಟ್ಟು ಎಲ್ಲೂ ಹೋಗದವರಿಗೆ ಬಂದಿದ್ದರೆ ಇಲ್ಲೇ ಸೊಳ್ಳೆ ಹರಡುತ್ತಿರಬಹುದು. ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ. ಆದರೆ ಕೇಳುವಾಗ ಪೊಲೀಸರ ಥರ ಕೇಳಬೇಡಿ. ಹಿಂದಿ ಬರುವ ಮೇಸ್ತ್ರಿ ಜೊತೆಗಿದ್ದರೆ ಅರ್ಧ ಕೆಲಸ ಆದಂತೆ.

ಕಳಿಸೋದು

ಟವರ್ ಸಿಕ್ಕ ಕೂಡಲೇ ಕಳಿಸಿ. ಪಾಸಿಟಿವ್ ಬಂದಿದ್ದರೆ ಆ್ಯಪ್ ನಂಬಿ ಕೂರಬೇಡಿ, ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಬಾಯಲ್ಲೇ ಹೇಳಿ.

ಹದಿನಾಲ್ಕು ದಿನ

ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾದಲ್ಲಿ ಕ್ಲೋರೋಕ್ವಿನ್ ಮಾತ್ರೆ 3 ದಿನಕ್ಕೆ ಮುಗಿಯುತ್ತೆ, ಜ್ವರವೂ ಇಳಿಯುತ್ತೆ. ಆದರೆ ಲಿವರ್‌ನಲ್ಲಿ ಅಡಗಿದ ಪರಾವಲಂಬಿ ಮತ್ತೆ ಏಳದಿರಲು ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕು. ಜ್ವರ ಬಿಟ್ಟವನು ಮಾತ್ರೆಯನ್ನೂ ಬಿಡುತ್ತಾನೆ. ಹಾಗಾಗಿ ಮೊದಲ ದಿನವೇ ನಿಮ್ಮ ಫೋನಿನಲ್ಲಿ 3, 7, 14ನೇ ದಿನಕ್ಕೆ ಅಲಾರಂ ಇಡಿ. ಪ್ರೈಮಾಕ್ವಿನ್ ಗರ್ಭಿಣಿಯರಿಗೆ, ಎಳೆ ಕೂಸುಗಳಿಗೆ ಕೊಡೋದಿಲ್ಲ. ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಬೇಕು. ಇದನ್ನು ರೋಗಿಗೂ ಮೊದಲೇ ಹೇಳಿರಿ.

ಕಾರ್ಮಿಕರ ಸಿಮ್ ಆಗಾಗ ಬದಲಾಗುತ್ತೆ, ಕೊಯ್ಲು ಮುಗಿದರೆ ತೋಟವೂ ಬದಲಾಗುತ್ತೆ. ರೋಗಿಯನ್ನು ಕೇಳಿಯೇ ಮೇಸ್ತ್ರಿಯ ನಂಬರನ್ನೂ ಬರೆದುಕೊಳ್ಳಿ, ಮುಂದೆ ಯಾವ ತೋಟಕ್ಕೆ ಹೋಗ್ತೀರಿ ಅಂತಲೂ ಕೇಳಿ. ಹದಿನಾಲ್ಕನೇ ದಿನ 'ಎಲ್ಲ ನುಂಗಿದೆ ಸಾರ್' ಅಂದರೆ ನಾನು ಫಾರಂ ಮುಚ್ಚೋದಿಲ್ಲ. ಖಾಲಿ ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಸುಂಟಿಕೊಪ್ಪಕ್ಕೆ ಹೊರಟು ಹೋಗಿದ್ದ ಒಬ್ಬರು ವಿಡಿಯೋ ಕಾಲ್‌ನಲ್ಲಿ ಸ್ಟ್ರಿಪ್ ಹಿಡಿದು ತೋರಿಸಿದರು, ಇನ್ನೂ ಐದು ಮಾತ್ರೆ ಹಾಗೇ ಇದ್ದವು.